ರಿಚರ್ಡ್ ಬ್ಲಾಂಡ್ 478ನೇ ಟೂರ್ನಿಯಲ್ಲಿ ಗೆದ್ದ, ಸರಿ. ಮೊದಲ 477ರಲ್ಲಿ ಏನು ಮಾಡ್ತಿದ್ದ?

ಹಸಿರುಹಾಸು:
ಕನ್ನಡದಲ್ಲಿ ಗಾಲ್ಫ್ ಮಾತು ಬಂದರೆ ಟೈಗರ್ ವುಡ್ಸ್, ಹೆಚ್ಚೆಂದರೆ ರೋರಿ ಮೆಕಿಲ್‌ರಾಯ್, ಅಲ್ಲಿಗೆ ಮುಗೀತು. ನನ್ನ ಕಣ್ಣು ಮೊದಲಿಂದಲೂ ಸ್ಕೋರ್‌ಬೋರ್ಡಿನ ಎರಡನೇ ಪುಟದವರ ಮೇಲೆ. ಆ ಪುಟದಲ್ಲಿ ಇಪ್ಪತ್ತು ವರ್ಷ ಠಿಕಾಣಿ ಹೂಡಿದ್ದ ಆಸಾಮಿ ಇಂಗ್ಲೆಂಡಿನ ರಿಚರ್ಡ್ ಬ್ಲಾಂಡ್.

ಹುಟ್ಟಿದ್ದು 1973ರ ಫೆಬ್ರವರಿಯಲ್ಲಿ, ಬಿಯರ್ ತಯಾರಿಕೆಗೆ ಹೆಸರಾದ ಬರ್ಟನ್ ಅಪಾನ್ ಟ್ರೆಂಟ್ ಊರಲ್ಲಿ. ವೃತ್ತಿಪರನಾದದ್ದು 1996ರಲ್ಲಿ. 2001ರಲ್ಲಿ ಎರಡನೇ ದರ್ಜೆಯ ಚಾಲೆಂಜ್ ಟೂರ್‌ನ ಗ್ರ್ಯಾಂಡ್ ಫೈನಲ್ ಗೆದ್ದ. ಮರುವರ್ಷ ಮೇಲಿನ ದರ್ಜೆಯ ಯುರೋಪಿಯನ್ ಟೂರ್‌ನ ಐರಿಶ್ ಓಪನ್‌ನಲ್ಲಿ, ಸಮ ಆದ ನಾಲ್ವರ ಪ್ಲೇಆಫ್‌ಗೆ ಹೋದ, ಕಪ್ಪು ಡೆನ್ಮಾರ್ಕಿನ ಸೋರೆನ್ ಹಾನ್ಸೆನ್ ಪಾಲಾಯಿತು. ಆಗ ಬ್ಲಾಂಡ್‌ಗೆ 29. ಇವತ್ತಲ್ಲ ನಾಳೆ ಗೆಲ್ತಾನೆ ಬಿಡಿ ಅನ್ನುವ ವಯಸ್ಸು. ಆ ನಾಳೆ ಬಂದದ್ದು ಹತ್ತೊಂಬತ್ತು ವರ್ಷ ಕಳೆದ ಮೇಲೆ.

2021ರ ಮೇ ತಿಂಗಳು, ದಿ ಬೆಲ್ಫ್ರಿ, ಬ್ರಿಟಿಷ್ ಮಾಸ್ಟರ್ಸ್. ಅಲ್ಲಿನ ಬ್ರಬಾಜನ್ ಕೋರ್ಸಿನ 18ನೇ ಹೋಲ್ ನೋಡಿದವರಿಗೆ ಗೊತ್ತು, ಒಂದೇ ಹೋಲ್‌ನಲ್ಲಿ ನೀರು ಎರಡು ಸಲ ಅಡ್ಡ ಬರುತ್ತೆ. ಆರಂಭದ ಜಾಗ ಟೀ ಇಂದ ಹೊಡೆಯುವಾಗ ಒಮ್ಮೆ, ಕುಳಿ ಇರುವ ನುಣುಪು ಹುಲ್ಲಿಗೆ, ಅಂದ್ರೆ ಗ್ರೀನ್‌ಗೆ ಹೊಡೆಯುವಾಗ ಇನ್ನೊಮ್ಮೆ. ಯುರೋಪ್-ಅಮೆರಿಕ ನಡುವಿನ ರೈಡರ್ ಕಪ್‌ಗೆ ಬಂದ ಘಟಾನುಘಟಿಗಳೇ ಅಲ್ಲಿ ಚೆಂಡು ಮುಳುಗಿಸಿದ್ದಾರೆ. ಬ್ಲಾಂಡ್ ಕೊನೇ ದಿನ ಒಂದೂ ಬೋಗಿ (ನಿಗದಿಗಿಂತ ಒಂದು ಹೊಡೆತ ಹೆಚ್ಚು) ಮಾಡದೆ 66 ಹೊಡೆತಕ್ಕೆ ಮುಗಿಸಿದ. 18ರಲ್ಲಿ ಉದ್ದನೆಯ ಬರ್ಡಿ (ನಿಗದಿಗಿಂತ ಒಂದು ಕಡಿಮೆ) ಪಟ್, ಗ್ರೀನ್ ಮೇಲಿನ ಉರುಳು ಹೊಡೆತ, ಒಳಗೆ ಬಿತ್ತು. ಒಟ್ಟು 13 ಅಂಡರ್, ಅಂದ್ರೆ ನಿಗದಿಗಿಂತ 13 ಹೊಡೆತ ಕಡಿಮೆ. ಇಟಲಿಯ ಗ್ವಿಡೊ ಮಿಲ್ಯೊಟ್ಸಿ ಸಮ ಮಾಡಿದ್ದರಿಂದ ಪ್ಲೇಆಫ್‌ಗೆ ಮತ್ತೆ ಅದೇ 18. ಬ್ಲಾಂಡ್ ಪಾರ್ (ನಿಗದಿತ ಹೊಡೆತ) ಮಾಡಿದ, ಹುಡುಗ ಮೂರು ಪಟ್ ತಗೊಂಡ. ಹುಡುಗ ಅಂದೆ, ಯಾಕಂದ್ರೆ ಬ್ಲಾಂಡ್ ವೃತ್ತಿಪರನಾದ ವರ್ಷ ಮಿಲ್ಯೊಟ್ಸಿ ಇನ್ನೂ ಹುಟ್ಟಿರಲಿಲ್ಲ.

ಯುರೋಪಿಯನ್ ಟೂರ್ ಇತಿಹಾಸದಲ್ಲೇ ಅತಿ ಹಿರಿಯ ವಯಸ್ಸಿನಲ್ಲಿ ಮೊದಲ ಗೆಲುವು. ಪತ್ರಿಕೆಗಳೆಲ್ಲ "ಛಲ ಬಿಡದ ತ್ರಿವಿಕ್ರಮ" ಧಾಟಿಯಲ್ಲಿ ಬರೆದವು. ನನ್ನ ತಕರಾರು ಅಲ್ಲೇ. ಆ ಭಾನುವಾರ, ಅಲ್ಲ, ಆ ಟೂರ್ನಿ ಬುಧವಾರ ಶುರುವಾಗಿ ಶನಿವಾರ ಮುಗಿದಿತ್ತು, ಆ ಶನಿವಾರ ಅವನು ದೊಡ್ಡ ಮನುಷ್ಯ ಆಗಲಿಲ್ಲ. ಗೆಲ್ಲದೇ ಅಷ್ಟು ವರ್ಷ ಆ ಮಟ್ಟದಲ್ಲಿ ಉಳಿದನಲ್ಲ, ಕಷ್ಟದ ಕೆಲಸ ಅದು. ನಿಮಗೇನನ್ನಿಸುತ್ತೆ?

ಕಲಘಟಗಿ ಕಾಕಾ:
ಏನ್ರೀ ಇದು, 477 ಸಲ ಸೋತಾಂವನ ಕಥಿ ಹೇಳಾಕತ್ತೀರಿ? ನಮ್ಮ ಕಡೆ ಕುಸ್ತಿ ಕಣದಾಗ ಹತ್ತು ಸಲ ಚಿತ್ ಆದ್ರ ಉಸ್ತಾದನ ಮನೀಗೆ ಕಳಸ್ತಾನ. ನನಗ ಗಾಲ್ಫ್ ಅಷ್ಟು ತಿಳ್ಯೂದಿಲ್ಲ, ಚ್ಯಾಷ್ಟಿ ಮಾಡಾಕತ್ತಿಲ್ಲ, ಖರೇನ ಕೇಳಾಕತ್ತೀನಿ. ಗೆಲ್ಲಲಾರದಾಂವ ಇಪ್ಪತ್ತು ವರ್ಷ ಹೊಟ್ಟಿ ಹೆಂಗ ಹೊರದ? ಯಾರ ಪಗಾರ ಕೊಡ್ತಾರ?

ಬೋಗಿ ಭಟ್:
ಕಾಕಾ, ಪಗಾರ ಯಾರೂ ಕೊಡಲ್ಲ. ಅದೇ ಇಲ್ಲಿನ ಮುಖ್ಯ ಸಂಗತಿ.

ಕುಸ್ತಿಯಲ್ಲಿ ಎದುರು ಒಬ್ಬನೇ. ಗಾಲ್ಫ್‌ನಲ್ಲಿ ಗುರುವಾರ ಬೆಳಿಗ್ಗೆ ನೂರೈವತ್ತು ಚಿಲ್ಲರೆ ಜನ ಒಟ್ಟಿಗೆ ಕಣಕ್ಕಿಳಿತಾರೆ, ಗೆಲ್ಲೋದು ಒಬ್ಬ. ಹಾಗಾಗಿ ಸೋಲೋದು ಇಲ್ಲಿ ಎಲ್ಲರ ದಿನಚರಿ. ಮೊದಲೆರಡು ದಿನದ ಆಟ ಮುಗಿದ ಮೇಲೆ ಶುಕ್ರವಾರ ಸಂಜೆ ಕಟ್ ಬೀಳುತ್ತೆ. ಯುರೋಪಿಯನ್ ಟೂರ್‌ನಲ್ಲಿ ಸಾಮಾನ್ಯವಾಗಿ ಮೊದಲ 65 ಸ್ಥಾನ, ಜೊತೆಗೆ 65ನೆಯವನಿಗೆ ಸಮ ಇರುವವರು ಮುಂದಕ್ಕೆ. ಉಳಿದವರು ಚೀಲ ಕಟ್ಟಬೇಕು, ಅವರಿಗೆ ಬಹುಮಾನ ಸೊನ್ನೆ. ಆದರೆ ವಿಮಾನದ ಟಿಕೆಟ್, ಹೋಟೆಲ್, ಚೀಲ ಹೊರುವ ಕ್ಯಾಡಿಯ ವಾರದ ಕೂಲಿ ಎಲ್ಲಾ ಜೇಬಿನಿಂದ. ಗೆದ್ದ ಹಣದಲ್ಲಿ ಕ್ಯಾಡಿಗೆ ಶೇಕಡಾವಾರು ಪಾಲು ಬೇರೆ.

ಕಟ್ ದಾಟಿದವರಿಗೂ ಹಣ ಸಮನಾಗಿ ಹಂಚಲ್ಲ. ಆ ಕಾಲದಲ್ಲಿ 20 ಲಕ್ಷ ಯೂರೊ ಟೂರ್ನಿ ಅಂದ್ರೆ ಗೆದ್ದವನಿಗೆ ಆರನೇ ಒಂದು ಪಾಲು, ಸುಮಾರು 3,33,000 ಯೂರೊ. ಎರಡನೆಯವನಿಗೆ ಒಂಬತ್ತನೇ ಒಂದು ಪಾಲಿನ ಹತ್ತಿರ. ಅಲ್ಲಿಂದ ಕೆಳಕ್ಕೆ ಬಾವಿಗೆ ಕಲ್ಲು ಹಾಕಿದ ಹಾಗೆ ಇಳಿಯುತ್ತೆ. ಅರವತ್ತನೆಯವನಿಗೆ ಶೇ. 1 ಕೂಡ ಸಿಗಲ್ಲ. ವಾರದ ಖರ್ಚು ಕಳೆದರೆ ಮನೆಗೆ ಒಯ್ಯೋಕೆ ಅಷ್ಟಕ್ಕಷ್ಟೆ.

ಇನ್ನು ಕಾರ್ಡ್. ಆ ಕಾಲದಲ್ಲಿ ವರ್ಷದ ಕೊನೆಗೆ ಹಣದ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಮೊದಲ 110ರೊಳಗಿದ್ದರೆ ಮುಂದಿನ ವರ್ಷವೂ ಆಡುವ ಹಕ್ಕು ಇರ್ತಿತ್ತು. ಆಚೆ ಬಿದ್ದರೆ ಕ್ವಾಲಿಫೈಯಿಂಗ್ ಸ್ಕೂಲ್, ಚಿಕ್ಕದಾಗಿ ಕ್ಯೂ ಸ್ಕೂಲ್. ಹೆಸರಿಗೆ ಸ್ಕೂಲ್, ಪಾಠ ಗೀಠ ಏನಿಲ್ಲ. ಸ್ಪೇನ್‌ನಲ್ಲಿ ನವೆಂಬರ್ ಹೊತ್ತಿಗೆ ಆರು ದಿನ, 108 ಹೋಲ್, ಕೊನೆಗೆ ಆಗ 25 ಚಿಲ್ಲರೆ ಜನಕ್ಕೆ ಕಾರ್ಡ್ ಸಿಗ್ತಿತ್ತು. ಗೆದ್ದವನಿಗಾದರೆ ಒಂದೆರಡು ವರ್ಷಕ್ಕೆ ಕಾರ್ಡಿನ ಚಿಂತೆ ಇರಲ್ಲ. ಗೆಲ್ಲದ ಬ್ಲಾಂಡ್ ಪ್ರತಿ ವರ್ಷ ಜನವರಿಯಲ್ಲಿ ಸೊನ್ನೆಯಿಂದ ಶುರು ಮಾಡಿದವನು. ನಡುವೆ ಕಾರ್ಡ್ ಕಳ್ಕೊಂಡ, ಮತ್ತೆ ಗಿಟ್ಟಿಸಿದ, ಒಂದಲ್ಲ ಹಲವು ಸಲ.

ನೇರಮಾತು:
ಇಷ್ಟು ಗುಣಗಾನ ಬೇಡಪ್ಪ. 478 ಅವಕಾಶ ಸಿಕ್ಕಿದ್ದೇ ಒಂದು ಪುಣ್ಯ ಅನ್ನೋದನ್ನ ಯಾರೂ ಹೇಳ್ತಿಲ್ಲ. ಮನೆಯಿಂದ ಎರಡು ಮೂರು ಗಂಟೆ ವಿಮಾನದಲ್ಲಿ ಕೂತರೆ ಸ್ಪೇನ್, ಪೋರ್ಚುಗಲ್, ಜರ್ಮನಿ. ನಮ್ಮ ಹುಡುಗರಿಗೆ ವೀಸಾಕ್ಕೆ ಸಾಲಲ್ಲಿ ನಿಲ್ಲೋದರಲ್ಲೇ ಅರ್ಧ ಉತ್ಸಾಹ ಬತ್ತಿ ಹೋಗುತ್ತೆ. ಬಿಡದಿಯ ಈಗಲ್‌ಟನ್ ಕೋರ್ಸ್ ಪಕ್ಕದ ಹಳ್ಳಿಯಿಂದ ಬಂದ ಗಾಲ್ಫರ್ ಚಿಕ್ಕರಂಗಪ್ಪನಂಥವರಿಗೆ ಯುರೋಪಿನಲ್ಲಿ ಇಪ್ಪತ್ತು ವರ್ಷ ಒದ್ದಾಡೋ ಅವಕಾಶ ಕೊಟ್ಟು ನೋಡಿ, ಆಮೇಲೆ ಹೋಲಿಸಿ.

ಮತ್ತೆ, ಉಳಿದುಕೊಂಡವನ ಕಥೆ ಮಾತ್ರ ನಮಗೆ ಕೇಳಿಸುತ್ತೆ. ಅದೇ ಕ್ಯೂ ಸ್ಕೂಲ್‌ನಲ್ಲಿ ಒಂದು ಹೊಡೆತದಲ್ಲಿ ಕಾರ್ಡ್ ತಪ್ಪಿಹೋಗಿ ಊರಿನ ಕ್ಲಬ್ಬಿನಲ್ಲಿ ಕೈಗವಸು ಮಾರ್ತಾ ಕೂತವರ ಬಗ್ಗೆ ಯಾರೂ ಚರ್ಚೆ ತೆರೆಯಲ್ಲ.

ಹಸಿರುಹಾಸು:
ವೀಸಾ ಮಾತು ಒಪ್ಪಿದೆ. ಎರಡನೇ ಮಾತಿಗೆ ಒಂದು ಸೇರಿಸ್ತೀನಿ: ಬ್ಲಾಂಡ್ ಕೂಡ ಹಾಗೆ ಕೂರುವುದರಲ್ಲಿದ್ದ. 2018ರ ಕೊನೆಗೆ ಕಾರ್ಡ್ ಹೋಯ್ತು. ಅದೇ ಸುಮಾರಿಗೆ ಅವನ ಸಹೋದರ ತೀರಾ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದ. 46ನೇ ವಯಸ್ಸಿನಲ್ಲಿ, 2019ರಲ್ಲಿ, ಮತ್ತೆ ಚಾಲೆಂಜ್ ಟೂರ್‌ಗೆ ಇಳಿದ. ಅಲ್ಲಿ ಬಹುಮಾನ ಚಿಕ್ಕದು, ಊರುಗಳು ದೂರ, ಎದುರಾಳಿಗಳು ಅವನ ಅರ್ಧ ವಯಸ್ಸಿನವರು, ಚೆಂಡನ್ನು ಇವನಿಗಿಂತ ಮೂವತ್ತು ನಲವತ್ತು ಗಜ ಮುಂದಕ್ಕೆ ಹೊಡೆಯುವವರು. ವರ್ಷದ ಕೊನೆಗೆ ಕಾರ್ಡ್ ವಾಪಸ್ ತಂದ. ನನ್ನ ಕೇಳಿದರೆ ಅವನ ಜೀವಮಾನದ ಅತ್ಯುತ್ತಮ ಋತು 2021 ಅಲ್ಲ, 2019. ಟಿವಿಯಲ್ಲಿ ಒಂದು ನಿಮಿಷವೂ ಬರಲಿಲ್ಲ ಅಷ್ಟೆ.

ಕ್ಯಾಡಿಕಟ್ಟೆ:
ಬೆಂಗಳೂರಿನ ಟೂರ್ನಿಗಳಲ್ಲಿ ಕೆಲವು ವರ್ಷ ಚೀಲ ಹೊತ್ತವನು ನಾನು, ಹಾಗಾಗಿ ಶುಕ್ರವಾರದ ಬಗ್ಗೆ ಎರಡು ಮಾತು. ಟಿವಿ ನೋಡೋರು ಭಾನುವಾರ ಒತ್ತಡ ಅಂತಾರೆ. ಭಾನುವಾರ ಮುಂದಿರೋನಿಗೆ ಸೋತರೂ ಒಂದಿಷ್ಟು ಬಹುಮಾನ ಗ್ಯಾರಂಟಿ. ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಮೂರು ಹೋಲ್ ಬಾಕಿ ಇರುವಾಗ ಕಟ್ ಗೆರೆಯ ಮೇಲೆ ನಿಂತವನ ಸ್ಥಿತಿ ನೋಡಬೇಕು.

ಸ್ಕೋರ್‌ಬೋರ್ಡ್ ಕಡೆ ನೋಡಲ್ಲ ಅಂತಾನೆ, ಆದರೆ ಕಣ್ಣು ಅಲ್ಲೇ ಇರುತ್ತೆ. ನಾವು ಅಂಕಿ ಹೇಳಬಾರದು, ಕೇಳಿದರೆ ಸುಳ್ಳೂ ಹೇಳಬಾರದು. ಧ್ವಜ ಗ್ರೀನಿನ ಬಲ ಅಂಚಿನಲ್ಲಿ, ಅದರ ಪಕ್ಕ ಮರಳಿನ ಗುಂಡಿ, ಬಂಕರ್. ಎಂಟನೇ ಐರನ್ ತಗೊಂಡು ನಡುವೆ ಇಟ್ಟರೆ ಎರಡು ಪಟ್, ಪಾರ್. ಧ್ವಜಕ್ಕೇ ಹೊಡೆದರೆ ಬರ್ಡಿ ಆಗಬಹುದು, ಬಂಕರ್ ಸೇರಿದರೆ ಬೋಗಿ, ಬೋಗಿ ಆದರೆ ವಾರ ಮುಗೀತು. ಕ್ಲಬ್ ಕೈಗೆ ತಗೋತಾನೆ, ವಾಪಸ್ ಹಾಕ್ತಾನೆ, ಗ್ಲವ್ ಬಿಚ್ಚಿ ಮತ್ತೆ ಹಾಕ್ತಾನೆ. ಹುಡುಗರು ಧ್ವಜಕ್ಕೆ ಹೊಡೀತಾರೆ. ವರ್ಷಗಟ್ಟಲೆ ಉಳಿಯೋರು ನಡುವೆ ಹೊಡೀತಾರೆ. ಆಮೇಲೆ ನಾಲ್ಕಡಿಯ ಪಾರ್ ಪಟ್ ಉಳಿಯುತ್ತಲ್ಲ, ಅದರ ಮೇಲೆ ನನ್ನ ಪಾಲಿನ ದುಡ್ಡೂ ನಿಂತಿರೋದು. ಅದನ್ನ ಯಾರೂ ಮರುಪ್ರಸಾರ ಮಾಡಲ್ಲ.

ಬ್ಲಾಂಡ್ ಆಟ ನೋಡಿದ್ದೀನಿ, ಟಿವಿಯಲ್ಲೇ. ದೂರ ಹೊಡೆಯಲ್ಲ, ಆದರೆ ಡ್ರೈವ್ ಫೇರ್‌ವೇ ಬಿಟ್ಟು ಹೋಗೋದು ಅಪರೂಪ. ಐರನ್ ಅಚ್ಚುಕಟ್ಟು. ಇಂಥ ಆಟದವನಿಗೆ ಕಟ್ ತಪ್ಪೋದು ಕಡಿಮೆ, ಗೆಲ್ಲೋದು ಅದಕ್ಕಿಂತ ಕಡಿಮೆ. ಗೆಲ್ಲೋಕೆ ನಾಲ್ಕೂ ದಿನ ಪಟರ್ ಹೊತ್ತಿ ಉರಿಯಬೇಕು.

ಕಲಘಟಗಿ ಕಾಕಾ:
ಈಗ ತಿಳೀತು ನೋಡ್ರಿ. ಭಟ್ಟರ ಲೆಕ್ಕಾಕ್ಕಿಂತ ಕ್ಯಾಡಿ ಮಾತು ಛಲೋ ಆತು. ಗೆದ್ದ ಮ್ಯಾಲೆ ಏನಾತು? ಅಲ್ಲಿಗೆ ಮುಗಿಸಿದ್ನೋ?

ಬೋಗಿ ಭಟ್:
ಮುಗಿಸೋದೇ? ಅಸಲಿ ಮಜಾ ಆಮೇಲೇ ಇರೋದು.

ಆ ಗೆಲುವಿನ ಬಲದಿಂದ 2021ರ ಜೂನ್‌ನಲ್ಲಿ ಯುಎಸ್ ಓಪನ್‌ಗೆ ಟಿಕೆಟ್ ಸಿಕ್ತು. ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್, ಉದ್ದ ಹೊಡೆಯುವವರಿಗೇ ಅಂತ ಮಾಡಿಟ್ಟ ಕೋರ್ಸ್. ಅಲ್ಲಿ ಇವನು 70, 67 ಹೊಡೆದು 5 ಅಂಡರ್‌ನಲ್ಲಿ ಅಮೆರಿಕದ ರಸೆಲ್ ಹೆನ್ಲಿ ಜೊತೆ ಅರ್ಧದಾರಿಯಲ್ಲಿ ಮುನ್ನಡೆಯಲ್ಲಿದ್ದ. ಯುಎಸ್ ಓಪನ್‌ನಲ್ಲಿ ಆ ಹಂತದಲ್ಲಿ ಮುಂದಿದ್ದವರಲ್ಲಿ ಅವನೇ ಅತಿ ಹಿರಿಯ. ಅವತ್ತು ರಾತ್ರಿ ಅಮೆರಿಕದ ವರದಿಗಾರರೆಲ್ಲ ಯಾರಪ್ಪ ಈ ಬ್ಲಾಂಡ್ ಅಂತ ತಡಕಾಡಿರಬೇಕು. ಶನಿವಾರ 77, ಕಥೆ ಕುಸಿಯಿತು, ಕೊನೆಗೆ ಐವತ್ತರ ಆಸುಪಾಸು ನಿಂತ. ಜಾನ್ ರಾಮ್ ಗೆದ್ದದ್ದು 6 ಅಂಡರ್‌ಗೆ. ಅಂದ್ರೆ ಶುಕ್ರವಾರದ ಅಂಕಿಗೆ ಇನ್ನೊಂದೇ ಒಂದು ಸೇರಿಸಿ ಭಾನುವಾರದವರೆಗೆ ಕಾಯ್ದುಕೊಂಡಿದ್ದರೆ ರಾಮ್ ಜೊತೆ ಪ್ಲೇಆಫ್ ಸಿಗ್ತಿತ್ತು. ಹೇಳೋಕೆ ಸುಲಭ.

2022ರ ಜನವರಿಯಲ್ಲಿ ದುಬೈನಲ್ಲಿ ಮತ್ತೊಂದು ಪ್ಲೇಆಫ್, ಈ ಸಲ ನಾರ್ವೆಯ ವಿಕ್ಟರ್ ಹೊವ್ಲಾಂಡ್ ಎದುರು ಸೋಲು. ಅದೇ ಮಾರ್ಚ್‌ನಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮ್ಯಾಚ್ ಪ್ಲೇ, ಅಂದ್ರೆ ಒಬ್ಬರೆದುರು ಒಬ್ಬರು ಆಡೋದು. ಗುಂಪಿನಲ್ಲಿ ಬ್ರೈಸನ್ ಡಿಶಾಂಬೊ, ಲೀ ವೆಸ್ಟ್‌ವುಡ್, ಟೇಲರ್ ಗೂಚ್. ಗುಂಪು ದಾಟಿ ಕೊನೆಯ 16ಕ್ಕೆ ಬಂದ, ಅಲ್ಲಿ ಡಸ್ಟಿನ್ ಜಾನ್ಸನ್ ಮನೆಗೆ ಕಳಿಸಿದ. 49ನೇ ವಯಸ್ಸಿಗೆ.

ನೇರಮಾತು:
ಮತ್ತೆ ಜೂನ್ 2022? ಅದನ್ನ ಯಾಕೆ ನುಂಗಿಕೊಂಡ್ರಿ? ಸೌದಿ ದುಡ್ಡಿನ ಎಲ್‌ಐವಿ ಗಾಲ್ಫ್ ಲಂಡನ್ ಹತ್ತಿರದ ಸೆಂಚುರಿಯನ್ ಕ್ಲಬ್‌ನಲ್ಲಿ ಮೊದಲ ಟೂರ್ನಿ ಇಟ್ಟಾಗಲೇ ಮಹಾಶಯರು ಹಾಜರ್. ತನ್ನನ್ನು ಇಪ್ಪತ್ತು ವರ್ಷ ಸಾಕಿದ ಟೂರ್‌ಗೆ ಕೈ ಕೊಟ್ಟು ಹೋದ. ಟೂರ್ 1,00,000 ಪೌಂಡ್ ದಂಡ ಹಾಕಿತು, ಆಟಗಾರರು ಜಗಳಕ್ಕೆ ನಿಂತರು, 2023ರ ಏಪ್ರಿಲ್‌ನಲ್ಲಿ ಮಧ್ಯಸ್ಥಿಕೆ ಮಂಡಳಿ ಟೂರ್ ಪರವಾಗಿ ತೀರ್ಪು ಕೊಟ್ಟಿತು. ಮರು ತಿಂಗಳು ಗಾರ್ಸಿಯಾ, ಪೋಲ್ಟರ್, ವೆಸ್ಟ್‌ವುಡ್ ಜೊತೆ ಇವನೂ ಸದಸ್ಯತ್ವಕ್ಕೆ ರಾಜೀನಾಮೆ. ನಿಷ್ಠೆಯ ಮೂರ್ತಿ ಅಂತ ಪೂಜೆ ಮಾಡೋ ಮುಂಚೆ ಇದನ್ನೂ ಬರೀರಿ.

ಹಸಿರುಹಾಸು:
ನಿಷ್ಠೆ ಅನ್ನೋ ಮಾತು ಈ ಚರ್ಚೆಯಲ್ಲಿ ನೀವೇ ಮೊದಲು ಎತ್ತಿದ್ದು. ಟೂರ್ ಅವನನ್ನು ಸಾಕಲಿಲ್ಲ. ಮೇಲೆ ಭಟ್ಟರು ಬರೆದಿದ್ದಾರಲ್ಲ, ಕಟ್ ತಪ್ಪಿದ ವಾರ ಸೊನ್ನೆ ಅಂತ. 2018ರಲ್ಲಿ ಹೋಗಪ್ಪ ಅಂದಾಗ ಯಾವ ನಿಷ್ಠೆ ಇತ್ತು? ನಿಯಮ ಇತ್ತು, ಅದರಂತೆ ಹೊರಗೆ ಹಾಕಿದರು. ತಪ್ಪು ಅಂತಲ್ಲ. ಆದರೆ ಒಂದು ಕಡೆ ವ್ಯವಹಾರ, ಇನ್ನೊಂದು ಕಡೆ ಭಕ್ತಿ ಇರಬೇಕು ಅಂದ್ರೆ ಹೇಗೆ?

ಅರ್ಧಪಾರ್:
ಸೆಂಚುರಿಯನ್‌ನ ಲೆಕ್ಕ ಹಾಕಿ. ಒಟ್ಟು 2.5 ಕೋಟಿ ಡಾಲರ್. 48 ಜನ, ಮೂರು ದಿನ, ಕಟ್ ಇಲ್ಲ. ಕಟ್ಟಕಡೆಯವನಿಗೆ 1,20,000 ಡಾಲರ್. ಜೀವನವಿಡೀ ಶುಕ್ರವಾರದ ಗೆರೆಯ ಮೇಲೆ ನಡೆದವನಿಗೆ ಯಾರೋ ಬಂದು ಗೆರೆಯನ್ನೇ ಅಳಿಸಿ ಕೊಟ್ಟರು. 49 ವಯಸ್ಸು. ನೀವಾಗಿದ್ರೆ ಏನು ಮಾಡ್ತಿದ್ರಿ ನೇರಮಾತು ಅವರೇ? ನೇರವಾಗಿ ಹೇಳಿ. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಕೂಡ ಅದೇ ವರ್ಷ ಅಲ್ಲಿಗೇ ಹೋದರು. ಆಗ ನಮ್ಮ ಎಷ್ಟು ಜನ ಬೈದರು?

ನೇರಮಾತು:
ನಾನಾಗಿದ್ರೆ ಹೋಗ್ತಿದ್ನೇನೋ. ಹೋದ ಮೇಲೆ ನನ್ನ ಮೇಲೆ ಯಾರಾದರೂ ಹೀಗೆ ಭಾವಪೂರ್ಣ ಬರಹ ಬರೆದರೆ ನಗ್ತಿದ್ದೆ. ಮೆಕಿಲ್‌ರಾಯ್, ವುಡ್ಸ್ ಥರದ ಶ್ರೀಮಂತರು ಬೇಡ ಅನ್ನೋದಕ್ಕೂ ಬ್ಲಾಂಡ್ ಬೇಕು ಅನ್ನೋದಕ್ಕೂ ವ್ಯತ್ಯಾಸ ಇದೆ, ಅಷ್ಟು ಗೊತ್ತು. ಆದರೂ ಆ ದುಡ್ಡು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಉಳಿಯುತ್ತೆ, ಬಡವನಾದ್ರೂ ಸರಿ.

ಕ್ಯಾಡಿಕಟ್ಟೆ:
ಕಟ್ ಇಲ್ಲದ ಕಡೆ ಆಟ ಸಡಿಲ ಆಗುತ್ತೆ ಅಂತ ನನ್ನ ಗುಮಾನಿ. ಬ್ಲಾಂಡ್ ವಿಷಯದಲ್ಲಿ ಉಲ್ಟಾ ಆದ ಹಾಗಿದೆ. ಜೀವಕ್ಕೆ ನೆಮ್ಮದಿ ಸಿಕ್ಕಿದ ಮೇಲೆ ಧ್ವಜಕ್ಕೆ ಹೊಡೆಯೋಕೆ ಕಲಿತನೋ ಏನೋ.

ಹಳೇ ಸ್ಕೋರ್‌ಕಾರ್ಡ್:
ತಡವಾಗಿ ಬಂದೆ. ಇಷ್ಟೆಲ್ಲ ಮಾತಾಡಿ ರೋಜರ್ ಚಾಪ್ಮನ್ ಹೆಸರು ಯಾರೂ ಎತ್ತಿಲ್ಲ ಅಂದ್ರೆ ಹೇಗೆ?

ಬ್ಲಾಂಡ್ 2023ರಲ್ಲಿ 50 ದಾಟಿದ, ಹಿರಿಯರ ಟೂರ್ನಿಗೆ ಅರ್ಹನಾದ. ಎಲ್‌ಐವಿಗೆ ಹೋದದ್ದರಿಂದ ಅಮೆರಿಕದ ಪಿಜಿಎ ಟೂರ್ ನಡೆಸುವ ಹಿರಿಯರ ಸರಣಿಗೆ ಬಾಗಿಲು ಬಂದ್. ಆದರೆ ಹಿರಿಯರ ಮೇಜರ್‌ಗಳಲ್ಲಿ, ಅಂದ್ರೆ ಅತಿ ದೊಡ್ಡ ಟೂರ್ನಿಗಳಲ್ಲಿ, ಅಮೆರಿಕದ ಎರಡನ್ನು ನಡೆಸೋದು ಬೇರೆ ಸಂಸ್ಥೆಗಳು: ಸೀನಿಯರ್ ಪಿಜಿಎ ಚಾಂಪಿಯನ್‌ಶಿಪ್ ಪಿಜಿಎ ಆಫ್ ಅಮೆರಿಕಾದ್ದು, ಯುಎಸ್ ಸೀನಿಯರ್ ಓಪನ್ ಅಮೆರಿಕದ ಗಾಲ್ಫ್ ಸಂಘ ಯುಎಸ್‌ಜಿಎದ್ದು. ಅವರು ಬಾಗಿಲು ಹಾಕಿರಲಿಲ್ಲ. 2024ರ ಮೇನಲ್ಲಿ ಮಿಷಿಗನ್‌ನ ಹಾರ್ಬರ್ ಶೋರ್ಸ್‌ಗೆ ಹೋದ, ಕೊನೇ ದಿನ 63 ಹೊಡೆದ, ಆಸ್ಟ್ರೇಲಿಯಾದ ರಿಚರ್ಡ್ ಗ್ರೀನ್‌ಗಿಂತ ಮೂರು ಹೊಡೆತ ಮುಂದೆ, 17 ಅಂಡರ್. ಅವನು ಆಡಿದ ಮೊಟ್ಟಮೊದಲ ಹಿರಿಯರ ಮೇಜರ್ ಅದು.

ಅಲ್ಲಿಂದ ಯುಎಸ್ ಸೀನಿಯರ್ ಓಪನ್, ರೋಡ್ ಐಲೆಂಡ್‌ನ ನ್ಯೂಪೋರ್ಟ್. ಹವಾಮಾನ ಕೈಕೊಟ್ಟು ಆಟ ಸೋಮವಾರಕ್ಕೆ, ಜುಲೈ 1ಕ್ಕೆ ಹೋಯ್ತು. ಜಪಾನಿನ ಹಿರೊಯುಕಿ ಫುಜಿತಾ ಜೊತೆ ಸಮ. ಎರಡು ಹೋಲ್‌ಗಳ ಪ್ಲೇಆಫ್‌ನಲ್ಲೂ ಸಮ, ಮತ್ತೆ 18ಕ್ಕೆ, ಮತ್ತೂ ಸಮ. ನಾಲ್ಕನೇ ಹೋಲ್‌ನಲ್ಲಿ ಚೆಂಡು ಬಂಕರ್‌ಗೆ ಬಿತ್ತು. ಮರಳಿನಿಂದ ಎತ್ತಿ ಹೋಲ್ ಹತ್ತಿರಕ್ಕೆ ತಂದು ಪಾರ್ ಉಳಿಸಿಕೊಂಡ, ಗೆದ್ದ. ಅಲ್ಲಿವರೆಗೆ ಆಡಿದ್ದು ಎರಡು ಹಿರಿಯರ ಮೇಜರ್, ಎರಡೂ ಗೆಲುವು. ಬೆಲ್ಫ್ರಿಗೆ 478 ಬೇಕಾಯ್ತು, ಇಲ್ಲಿ ಒಂದೂ ವ್ಯರ್ಥ ಆಗಲಿಲ್ಲ.

ಈಗ ಚಾಪ್ಮನ್. ಅವನೂ ಇಂಗ್ಲಿಷ್. ಅವನೂ ಯುರೋಪಿಯನ್ ಟೂರ್‌ನಲ್ಲಿ ಎರಡು ದಶಕ ಸವೆಸಿದವನು, 1999ರಲ್ಲಿ ಕಾರ್ಡ್ ಕಳೆದುಕೊಂಡು ಕ್ಯೂ ಸ್ಕೂಲ್‌ಗೆ ಹೋಗಿ ಬಂದವನು. ಮರುವರ್ಷ ಬ್ರೆಜಿಲ್‌ನ ರಿಯೋದಲ್ಲಿ ಪ್ಲೇಆಫ್‌ನಲ್ಲಿ ಪಾಡ್ರಿಗ್ ಹ್ಯಾರಿಂಗ್ಟನ್‌ನನ್ನು ಸೋಲಿಸಿ ಮೊದಲ ಬಾರಿ ಗೆದ್ದ. ಆ ಹೊತ್ತಿಗೆ 470ಕ್ಕೂ ಹೆಚ್ಚು ಟೂರ್ನಿ ಆಗಿತ್ತು. ಟೂರ್‌ನಲ್ಲಿ ಅದೊಂದೇ ಗೆಲುವು. ಆಮೇಲೆ 2012ರಲ್ಲಿ ಏನು ಮಾಡಿದ ಗೊತ್ತಾ? ಸೀನಿಯರ್ ಪಿಜಿಎ ಗೆದ್ದ, ಅದೇ ಹಾರ್ಬರ್ ಶೋರ್ಸ್‌ನಲ್ಲಿ. ಅದೇ ವರ್ಷ ಯುಎಸ್ ಸೀನಿಯರ್ ಓಪನ್ ಕೂಡ ಗೆದ್ದ, ಹಿಂದೆ ಬಿದ್ದವರು ಬರ್ನಾರ್ಡ್ ಲ್ಯಾಂಗರ್, ಫ್ರೆಡ್ ಫಂಕ್ ಅಂಥವರು.

ಇಬ್ಬರು ಇಂಗ್ಲಿಷರು, ತಲಾ ಒಂದು ಟೂರ್ ಗೆಲುವು, ಅದೇ ಎರಡು ಹಿರಿಯರ ಕಪ್ಪು, ಒಂದೇ ವರ್ಷದಲ್ಲಿ, ಒಂದು ಕೋರ್ಸಂತೂ ಅದೇ. ಕಾಕತಾಳೀಯ ಅನ್ನೋರು ಅನ್ನಲಿ, ನಾನು ಅನ್ನಲ್ಲ. ಐವತ್ತಾದ ಮೇಲೆ ದೊಡ್ಡ ಹೆಸರಿನವರ ಬೆನ್ನು ನೋಯುತ್ತೆ, ಹೊಟ್ಟೆ ತುಂಬಿರುತ್ತೆ, ಕೋರ್ಸ್ ವಿನ್ಯಾಸ ಮಾಡೋದು, ವೈನ್ ಮಾರೋದು ಶುರುವಾಗಿರುತ್ತೆ. ಎರಡನೇ ಪುಟದವನಿಗೆ ಅಭ್ಯಾಸ ತಪ್ಪಿರಲ್ಲ, ಯಾಕಂದ್ರೆ ತಪ್ಪಿಸೋ ಅವಕಾಶವೇ ಅವನಿಗೆ ಸಿಕ್ಕಿಲ್ಲ. ನೇರ ಡ್ರೈವ್, ನಡು ಗ್ರೀನ್, ನಾಲ್ಕಡಿ ಪಟ್, ಮೇಲೆ ಕ್ಯಾಡಿಕಟ್ಟೆ ಹೇಳಿದ್ದೇ. ಐವತ್ತರಲ್ಲಿ ಅದಕ್ಕೆ ಬೆಲೆ ಬರುತ್ತೆ.

ಅಂದ ಹಾಗೆ ಬ್ಲಾಂಡ್‌ನ 478 ದಾಖಲೆ ಅಲ್ಲ. ಮಾಲ್ಕಮ್ ಮೆಕೆಂಜಿ 2002ರಲ್ಲಿ ಫ್ರೆಂಚ್ ಓಪನ್ ಗೆದ್ದದ್ದು 509ನೇ ಟೂರ್ನಿಯಲ್ಲಿ. ಅವನೂ ಇಂಗ್ಲಿಷ್. ಈ ದೇಶದ ನೀರಲ್ಲೇ ಏನೋ ಇದೆ.

ಬೋಗಿ ಭಟ್:
ಚಾಪ್ಮನ್ ನೆನಪಿಸಿದ್ದು ಒಳ್ಳೇದಾಯ್ತು. ಆದರೆ ಬೆನ್ನು ನೋವಿನ ಸಿದ್ಧಾಂತಕ್ಕೆ ಲ್ಯಾಂಗರ್ ಒಬ್ಬನೇ ಸಾಕು ಉತ್ತರ ಕೊಡೋಕೆ. ಎರಡು ಸಲ ಮಾಸ್ಟರ್ಸ್ ಗೆದ್ದವನು, ಅರವತ್ತು ದಾಟಿದರೂ ಹಿರಿಯರ ಸರಣಿಯಲ್ಲಿ ಕಪ್ಪು ಎತ್ತುತ್ತಲೇ ಇದ್ದ. ಅವನ ಹೊಟ್ಟೆ ಯಾವಾಗ ತುಂಬಿತ್ತು?

ಹಳೇ ಸ್ಕೋರ್‌ಕಾರ್ಡ್:
ಲ್ಯಾಂಗರ್‌ನನ್ನು ಯಾವ ಸಿದ್ಧಾಂತದೊಳಗೂ ತುರುಕಬೇಡಿ, ಅವನದು ಬೇರೆಯೇ ಜಾತಕ.

ಅರ್ಧಪಾರ್:
ಒಂದು ಪ್ರಶ್ನೆ. ಇಷ್ಟೆಲ್ಲ ಆದ ಮೇಲೆ ಬ್ಲಾಂಡ್ ಅಗಸ್ಟಾದಲ್ಲಿ ಮಾಸ್ಟರ್ಸ್ ಆಡಿದ್ದಾನಾ?

ಹಸಿರುಹಾಸು:
ಇಲ್ಲ. ಉಳಿದ ಮೂರು ಮೇಜರ್ ಆಡಿದ್ದಾನೆ. 2022ರಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ 50ರ ಬಾಗಿಲಿಗೆ, ಅಂದ್ರೆ ಮಾಸ್ಟರ್ಸ್ ಬಾಗಿಲಿಗೆ, ಬಂದಿದ್ದ. ಆಸ್ಟಿನ್‌ನಲ್ಲಿ ಡಸ್ಟಿನ್ ಜಾನ್ಸನ್ ಸೋಲಿಸಿದ್ದು ಅದಕ್ಕೇ ಹೆಚ್ಚು ನೋವಾಗಿರಬೇಕು. ಆಮೇಲೆ ಎಲ್‌ಐವಿ, ಅಲ್ಲಿ ಆಗ ರ‍್ಯಾಂಕಿಂಗ್ ಅಂಕವೇ ಇರಲಿಲ್ಲ. ಹಿರಿಯರ ಎರಡು ಕಪ್ಪಿನಿಂದ 2025ರ ಪಿಜಿಎ ಚಾಂಪಿಯನ್‌ಶಿಪ್‌ಗೂ ಯುಎಸ್ ಓಪನ್‌ಗೂ ಪ್ರವೇಶ ಸಿಕ್ತು. ಅಗಸ್ಟಾದವರು ಹಿರಿಯರ ಕಪ್ಪಿಗೆ ಹಾಗೆ ಚೀಟಿ ಕೊಡಲ್ಲ.

ನೇರಮಾತು:
ಎಲ್‌ಐವಿಗೆ ಹೋಗದಿದ್ದರೆ 2023ಕ್ಕೆ ಅಗಸ್ಟಾ ಸಿಗ್ತಿತ್ತು ಅಂತ ನನ್ನ ಲೆಕ್ಕ.

ಅರ್ಧಪಾರ್:
ನಿಮ್ಮ ಲೆಕ್ಕದಲ್ಲಿ 49 ವರ್ಷದವನು ಇನ್ನೊಂದು ಪೂರ್ತಿ ವರ್ಷ ಅದೇ ಲಯದಲ್ಲಿ ಆಡಬೇಕು. 1,20,000 ಡಾಲರ್ ಕೈಲಿಟ್ಟುಕೊಂಡು ನಾನಂತೂ ಆ ಪಂದ್ಯ ಕಟ್ಟಲ್ಲ.

ಕಲಘಟಗಿ ಕಾಕಾ:
ಜಗಳ ಆಮ್ಯಾಲೆ ಮಾಡ್ರಿ. ಬೆಲ್ಫ್ರಿ 18ರಾಗ ನೀರು ಎರಡು ಸಲ ಅಡ್ಡ ಬರತೈತಿ ಅಂದ್ರಲಾ, ಆ ಪ್ಲೇಆಫ್ ವಿಡಿಯೋ ಎಲ್ಲಿ ಸಿಗತೈತಿ ಯಾರರ ಹೇಳ್ರಿ. ಮತ್ತ ಆ 509ರ ಮೆಕೆಂಜಿ ಮ್ಯಾಲೆ ಹೊಸಾ ಚರ್ಚಾ ಯಾವಾಗ ತಗೀತೀರಿ?